ತುಟಿ ಮೇಷ್ಟ್ರ ಕೊನೆಯ ಸಾಲು

ವಿದೂಷಕ ಮಂಡಿಯೂರಿ ಕೂತು ಬಾಗಿಲ ಎಡಗದದ ಚಿಲಕಕ್ಕೆ ಸುತ್ತಿಗೆಯಿಂದ ಹೊಡೆಯುತ್ತಿದ್ದ. ಒಂದೊಂದು ಏಟಿಗೂ ಹಜಾರದ ಕಡೆ ತಿರುಗಿ, "ಸ್ವಲ್ಪ ತಡ್ಕೊಳ್ಳಿ ಮೇಷ್ಟ್ರೇ" ಅನ್ನುತ್ತಿದ್ದ. ಮೇಷ್ಟ್ರು ತಡೆದುಕೊಂಡೇ ಇದ್ದರು. ಬೆಳಗಿನಿಂದ ಅವರಿಗೆ ಬೇರೆ ಕೆಲಸವಿರಲಿಲ್ಲ. ಆ ಎಡಗದ ತೆರೆದು ಇಪ್ಪತ್ತು ವರ್ಷವಾಗಿತ್ತು. ಬಲಗದವೊಂದನ್ನೇ ತೆರೆದರೆ ಬದುಕಿರುವವರು ಆರಾಮಾಗಿ ಓಡಾಡಬಹುದು, ನಾಲ್ಕು ಜನ ಹೊತ್ತ ಪೆಟ್ಟಿಗೆ ಹಾಯುವುದಿಲ್ಲ. ಗಾಡಿ ಹನ್ನೆರಡಕ್ಕೆ ಬರುವುದಿತ್ತು, ಆಗಲೇ ಹತ್ತೂವರೆ.

ವಿದೂಷಕ ಅನ್ನುವುದು ಅವನ ಹೆಸರಲ್ಲ. ಟೀವಿಯ ಧಾರಾವಾಹಿಯೊಂದರಲ್ಲಿ ಮುದಿ ರಾಜನ ವಿದೂಷಕನಿಗೆ ಆರು ವರ್ಷ ಧ್ವನಿ ಕೊಟ್ಟಿದ್ದರಿಂದ ಬೀದಿಯವರೆಲ್ಲ ಹಾಗೆ ಕರೆಯತೊಡಗಿ, ಕೊನೆಗೆ ಹೆಂಡತಿಯೂ ಹಾಗೇ ಕರೆಯುತ್ತಿದ್ದಳು. ಅವನಿಗೂ ಬೇಜಾರೇನಿರಲಿಲ್ಲ.

ಚಿಲಕ ಬಿಟ್ಟುಕೊಳ್ಳುವ ಮೊದಲೇ ಮೇಷ್ಟ್ರ ಮಗಳು ಬಂದಳು. ಹೆಗಲಲ್ಲಿ ಬ್ಯಾಗು, ಕುತ್ತಿಗೆಯಲ್ಲಿ ಇನ್ನೂ ಬಸ್ ನಿಲ್ದಾಣದ ಗುರುತಿನ ಚೀಟಿ. ಅಲ್ಲಿ ಅವಳು ಮೈಕಿನಲ್ಲಿ ಬಸ್ಸುಗಳ ಹೊತ್ತು ಹೇಳುತ್ತಾಳೆ. ಈ ಹೊಸಿಲು ತುಳಿದು ನಾಲ್ಕು ವರ್ಷವಾಗಿತ್ತು.

"ತಡಿಯಮ್ಮಾ, ಪೂರ್ತಿ ತೆಗೀತೀನಿ" ಅಂದ ವಿದೂಷಕ.

"ಪರವಾಗಿಲ್ಲ ಮಾಮ, ನನಗೆ ಇಷ್ಟೇ ಸಾಕು" ಎಂದು ಅವಳು ಓರೆಯಾಗಿ ಒಳಗೆ ನುಸುಳಿದಳು.

ಅಮ್ಮ ಮೇಷ್ಟ್ರ ತಲೆಯ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ತಿಂಗಳಿಗೊಮ್ಮೆ ಮಗಳ ಮನೆಗೆ ಹೋಗಿ ಬರುತ್ತಿದ್ದರು. ಅಪ್ಪ ಮಗಳ ನಡುವೆ ಅಂಚೆಯವರ ಹಾಗೆ ನಾಲ್ಕು ವರ್ಷ ಓಡಾಡಿದರು, ಆದರೆ ಯಾವ ಕಡೆಯಿಂದಲೂ ಒಂದು ಕಾಗದವೂ ಇರಲಿಲ್ಲ.

"ಬಂದ್ಯಾ."

"ಬಂದೆ ಅಮ್ಮ."

"ಏನಾದ್ರೂ ತಿಂದ್ಯಾ?"

ಅವಳು ತಲೆಯಾಡಿಸಿದಳು. ಅದು ಹೌದೋ ಅಲ್ಲವೋ ಅಮ್ಮನಿಗೆ ತಿಳಿಯಲಿಲ್ಲ, ಅವರು ಮತ್ತೆ ಕೇಳಲೂ ಇಲ್ಲ. ಮಗಳು ಅಪ್ಪನ ಮುಖ ನೋಡುತ್ತಾ ನಿಂತಳು. ಯಾರೋ ಗಡ್ಡ ಹೆರೆದು ಮೀಸೆಯನ್ನೂ ಒಪ್ಪ ಮಾಡಿದ್ದರು. ಮೂವತ್ತು ವರ್ಷ ಕಂಡವರ ತುಟಿ ನೋಡಿ ಹೊಟ್ಟೆ ಹೊರೆದ ಮನುಷ್ಯ ಈಗ ತುಟಿ ಬಿಗಿದುಕೊಂಡು ಮಲಗಿದ್ದರು. ಅವಳಿಗೆ ಅಳು ಬರಲಿಲ್ಲ. ಅದಕ್ಕೇ ಅವಳಿಗೆ ಹೆದರಿಕೆಯಾಯಿತು.

*

ತುಟಿ ಮೇಷ್ಟ್ರು ಮೊದಲು ನಿಜವಾದ ಮೇಷ್ಟ್ರೇ ಆಗಿದ್ದರು. ಪ್ರೌಢಶಾಲೆಯಲ್ಲಿ ಸಾಹಿತ್ಯ ಹೇಳಿಕೊಡುತ್ತಿದ್ದವರು, ಆಮೇಲೆ ಡಬ್ಬಿಂಗ್ ಸ್ಟುಡಿಯೋ ಸೇರಿ ಪರದೇಶದ ಧಾರಾವಾಹಿಗಳಿಗೆ ನಮ್ಮ ಮಾತು ಬರೆಯತೊಡಗಿದರು. ಪರದೆಯ ಮೇಲಿನವನು ತುಟಿ ಕೂಡಿಸಿದರೆ ಇಲ್ಲಿ ಪ, ಬ, ಮ ಈ ಮೂರರಲ್ಲಿ ಒಂದು ಬರಬೇಕು. ಅವನು ಬಾಯಿ ತೆರೆದರೆ ಆ, ಮೂತಿ ಮಾಡಿದರೆ ಉ. ಅರ್ಥವೂ ಕೆಡಬಾರದು, ಅವನ ಬಾಯಿ ಮುಚ್ಚುವ ಹೊತ್ತಿಗೆ ನಮ್ಮ ಮಾತೂ ಮುಗಿದಿರಬೇಕು. ಮೇಷ್ಟ್ರು ಬರೆಯುವ ಕೋಣೆಯಲ್ಲಿ ಕನ್ನಡಿಯೊಂದನ್ನು ನೇತುಹಾಕಿಕೊಂಡು ಇಡೀ ದಿನ ಅದರ ಮುಂದೆ ದನಿಯಿಲ್ಲದೆ ಬಾಯಾಡಿಸುತ್ತಿದ್ದರು. "ನನ್ನ ಮುಖ ಇಷ್ಟು ಹೊತ್ತು ನೋಡಿದ್ರೆ ನಾನು ಉದ್ಧಾರ ಆಗ್ತಿದ್ದೆ" ಎಂದು ಅಮ್ಮ ಹಂಗಿಸುತ್ತಿದ್ದರು.

ಆಗ ಬಂತು ಆ ಧಾರಾವಾಹಿ. ಡ್ರ್ಯಾಗನ್ನುಗಳು, ಹಿಮದ ಕೋಟೆಗಳು, ಗಾಳಿಯಲ್ಲಿ ಮಾಯವಾಗುವ ಕತ್ತಿಗಳು. ಮೊದಲ ಕಂತು ನೋಡುತ್ತಿದ್ದ ಮೇಷ್ಟ್ರು ಕುರ್ಚಿಯಿಂದ ಎದ್ದೇ ಬಿಟ್ಟರು. ಆ ಧಾರಾವಾಹಿಯ ಜನರಿಗೆಲ್ಲ ಇಟ್ಟಿದ್ದದ್ದು ನಾನೂರು ವರ್ಷದ ಹಿಂದಿನ ಒಬ್ಬ ನಾಟಕಕಾರನ ಪಾತ್ರಗಳ ಹೆಸರು. ಮುದಿ ರಾಜ ಒಂದು ನಾಟಕದವನು, ಮಂತ್ರವಾದಿ ಇನ್ನೊಂದರವನು, ಕೋಟೆಗೋಡೆಯ ಮೇಲೆ ಕಾಣಿಸಿಕೊಳ್ಳುವ ಭೂತ ಮತ್ತೊಂದರದ್ದು. ಶಾಲೆಯಲ್ಲಿ ಹನ್ನೊಂದು ವರ್ಷ ಅವನ್ನೇ ಪಾಠ ಮಾಡಿದ್ದ ಮೇಷ್ಟ್ರಿಗೆ ಹಳೇ ನೆಂಟರೆಲ್ಲ ವೇಷ ಹಾಕಿಕೊಂಡು ಮನೆಗೆ ಬಂದ ಹಾಗಾಯಿತು.

"ಈ ಹೆಸರು ನಮ್ಮ ಜನದ ಬಾಯಲ್ಲಿ ಹೊರಳಲ್ಲ ಮೇಷ್ಟ್ರೇ. ಸುಲಭದ್ದು ಹಾಕಿ" ಅಂದರು ಸ್ಟುಡಿಯೋ ಮಾಲೀಕರು.

"ಬೇರೆ ಏನು ಬೇಕಾದ್ರೂ ಬದಲಾಯಿಸ್ತೀನಿ. ಹೆಸರು ಮಾತ್ರ ಮುಟ್ಟಲ್ಲ."

"ಅಲ್ರೀ, ನೋಡೋರಿಗೆ ಇದೆಲ್ಲ ಗೊತ್ತಾಗುತ್ತಾ?"

"ನನಗೆ ಗೊತ್ತಾಗುತ್ತಲ್ಲ."

ಹೆಸರುಗಳು ಉಳಿದವು. ರಾಜನ ಕಿರಿ ಮಗಳಿಗೆ ಧ್ವನಿ ಕೊಡಲು ಮೇಷ್ಟ್ರು ತಮ್ಮ ಮಗಳನ್ನೇ ಕರೆತಂದರು. ಅವಳಿಗೆ ಸ್ಟುಡಿಯೋ ಹೊಸದಲ್ಲ. ಚಿಕ್ಕಂದಿನಿಂದ ಸ್ಟೂಲಿನ ಮೇಲೆ ನಿಂತು ಮಕ್ಕಳ ಪಾತ್ರಗಳಿಗೆಲ್ಲ ಅತ್ತವಳು, ನಕ್ಕವಳು. ಮೊದಲ ದಿನ ಮೇಷ್ಟ್ರು ಅವಳ ಕೈಗೆ ಹಾಳೆ ಕೊಟ್ಟು ಹೇಳಿದರು:

"ಇವಳು ಇಲ್ಲಿ ಡ್ರ್ಯಾಗನ್ ಸಾಕ್ತಾಳೆ. ಆದರೆ ಇವಳ ಹೆಸರು ಯಾರದ್ದು ಗೊತ್ತಾ? ಆ ಹಳೇ ನಾಟಕದಲ್ಲಿ ಅಪ್ಪನಿಗೆ ಬೆಣ್ಣೆ ಹಚ್ಚೋಕೆ ಬರದ ಒಬ್ಬ ಮಗಳಿದ್ದಾಳೆ. ಇದ್ದದ್ದು ಇದ್ದ ಹಾಗೆ ಹೇಳಿ ಮನೆ ಬಿಡ್ತಾಳೆ. ಮುದುಕನಿಗೆ ಬುದ್ಧಿ ಬರೋ ಹೊತ್ತಿಗೆ ಕಾಲ ಮಿಂಚಿರುತ್ತೆ. ಅವಳನ್ನ ಮನಸ್ಸಲ್ಲಿ ಇಟ್ಕೊಂಡು ಮಾತಾಡು."

*

ಎಡಗದ ತೆರೆದುಕೊಂಡ ಸದ್ದಾಯಿತು. ಅದೇ ಹೊತ್ತಿಗೆ ಸ್ಟುಡಿಯೋದ ರೆಕಾರ್ಡಿಸ್ಟ್ ಅವಳ ಪಕ್ಕ ಬಂದು ನಿಂತ. ನರೆತ ತಲೆಯ, ಮಾತು ಕಮ್ಮಿಯ ಮನುಷ್ಯ. ಮಾತಾಡುವವರನ್ನು ಮೂವತ್ತು ವರ್ಷ ಕೇಳಿಸಿಕೊಂಡು ಸಾಕಾಗಿತ್ತೋ ಏನೋ.

"ಪುಟ್ಟಿ, ಒಂದ್ನಿಮಿಷ ಒಳಗೆ ಬರ್ತೀಯಾ?"

ಅವನು ಅವಳನ್ನು ಮೇಷ್ಟ್ರು ಬರೆಯುತ್ತಿದ್ದ ಕೋಣೆಗೆ ಕರೆದೊಯ್ದು ಬಾಗಿಲು ಅರ್ಧ ಮುಂದೆ ಮಾಡಿದ. ಮೇಜಿನ ಮೇಲೆ ಹಾಳೆಗಳ ಕಟ್ಟು, ಲೋಟದಲ್ಲಿ ಕೆಂಪು ಪೆನ್ನುಗಳು, ಗೋಡೆಗೆ ಕನ್ನಡಿ.

"ನಿಮ್ಮಪ್ಪ ನಿನಗೆ ಅಂತ ಒಂದು ಮಾತು ಹೇಳಿದಾರೆ. ಹೇಳಿದಾರೆ ಅಂದ್ರೆ, ದನಿ ಇಲ್ಲ."

ಲಕ್ವ ಹೊಡೆದು ಮೇಷ್ಟ್ರ ಬಲಗೈ ಬಿದ್ದುಹೋಗಿತ್ತು, ಬರೆಯುವಂತಿರಲಿಲ್ಲ. ಉಸಿರಾಟಕ್ಕೆಂದು ಗಂಟಲಿಗೆ ತೂತು ಮಾಡಿ ನಳಿಕೆ ಹಾಕಿದ್ದರಿಂದ ದನಿಯೂ ಹೋಗಿತ್ತು. ಬಾಯಾಡಿಸುತ್ತಿದ್ದರು ಅಷ್ಟೇ. ನೀರು, ಸಾಕು, ದೀಪ ಆರಿಸು, ಇಷ್ಟನ್ನು ಅಮ್ಮ ಹೇಗೋ ಊಹಿಸುತ್ತಿದ್ದರು.

"ಹತ್ತು ದಿನದ ಹಿಂದೆ ಆಸ್ಪತ್ರೆಗೆ ನೋಡೋಕೆ ಹೋಗಿದ್ದೆ. ನಿಮ್ಮಮ್ಮ ಔಷಧಿ ತರೋಕೆ ಕೆಳಗೆ ಹೋಗಿದ್ರು. ಇವರು ನನ್ನ ಜೇಬಲ್ಲಿರೋ ಫೋನ್ ತೋರಿಸಿದ್ರು. ಆಮೇಲೆ ಎಡಗೈ ಇಷ್ಟೆತ್ತರ ಹಿಡಿದ್ರು. ನಿನ್ನ ಸ್ಟೂಲ್ ಮೇಲೆ ನಿಲ್ಲಿಸ್ತಿದ್ವಲ್ಲ, ಅಷ್ಟೆತ್ತರ. ನಿನಗೇ ಅಂತ ಅರ್ಥ ಆಯ್ತು."

"ನನಗೆ ಯಾಕೆ ಕಳಿಸ್ಲಿಲ್ಲ?"

"ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ."

ಅದು ನಿಜ. ಸ್ಟುಡಿಯೋದ ನಂಬರು ನೋಡಿ ಅವಳು ಬೇಕೆಂದೇ ಎತ್ತಿರಲಿಲ್ಲ. ರೆಕಾರ್ಡಿಸ್ಟ್ ಫೋನು ಮೇಜಿನ ಮೇಲೆ ನಿಲ್ಲಿಸಿ ಬೆರಳಿಟ್ಟ. ಪರದೆಯಲ್ಲಿ ಅಪ್ಪ ಕಾಣಿಸಿದರು. ಕುತ್ತಿಗೆಗೆ ನಳಿಕೆ, ಬಾಯಿಯ ಬಲಭಾಗ ಸ್ವಲ್ಪ ಇಳಿದಿತ್ತು, ಆದರೂ ಪ್ರತಿ ಅಕ್ಷರವನ್ನೂ ಬಿಡಿಸಿ ಬಿಡಿಸಿ ತುಟಿಯಾಡಿಸುತ್ತಿದ್ದರು. ಪೆದ್ದು ವಿದ್ಯಾರ್ಥಿಗೆ ಹೇಳುವ ಹಾಗೆ. ನಾಲ್ಕೇ ಸೆಕೆಂಡು.

*

ನೂರನೇ ಕಂತು ಮುಗಿದ ದಿನ ಸ್ಟುಡಿಯೋದ ತಾರಸಿಯಲ್ಲಿ ಊಟವಿತ್ತು. ಮೇಷ್ಟ್ರು ಉದ್ದ ಮೇಜಿನ ತುದಿಯಲ್ಲಿ ಕೂತಿದ್ದರು. ಹೊಗಳಿಕೆ ಅವರಿಗೆ ಮೈಗೆ ಹತ್ತುವ ವಯಸ್ಸು ಅದು.

"ನೀವು ಬರೆದದ್ದು ಮೂಲಕ್ಕಿಂತ ಚೆನ್ನಾಗಿದೆ" ಅಂದರು ಮಾಲೀಕರು.

"ನಿಮ್ಮ ಸಾಲು ಹೇಳುವಾಗ ಮೈ ಜುಮ್ ಅನ್ನುತ್ತೆ ಸರ್" ಅಂದಳು ರಾಜನ ಹಿರಿ ಮಗಳಿಗೆ ಧ್ವನಿ ಕೊಡುವವಳು. ಎರಡನೇ ಮಗಳ ಧ್ವನಿಯವಳು ಇವಳಿಗಿಂತ ಒಂದು ಕೈ ಮೇಲು. ನಿಮ್ಮ ಮಾತು ಕೇಳಿದ ಮೇಲೆ ಮನೇಲಿ ಗಂಡನ ಮಾತು ಸೇರುತ್ತಿಲ್ಲ ಎಂದುಬಿಟ್ಟಳು. ಎಲ್ಲರೂ ಗೊಳ್ಳೆಂದು ನಕ್ಕರು. ಮೇಷ್ಟ್ರು ಮಗಳ ಕಡೆ ತಿರುಗಿದರು.

"ನೀನು ಹೇಳಮ್ಮ. ಹೇಗಿದೆ ಅಪ್ಪನ ಬರವಣಿಗೆ?"

ಪಕ್ಕದಲ್ಲಿದ್ದ ವಿದೂಷಕ ಅವಳ ಕಾಲು ತುಳಿದ. ಅವಳು ಒಂದು ಕ್ಷಣ ಯೋಚಿಸಿ, "ತುಟಿಗೆ ಸರಿಯಾಗಿ ಕೂರುತ್ತೆ ಅಪ್ಪ. ಅಷ್ಟೇ" ಅಂದಳು.

ಅವಳ ಪಾಲಿಗೆ ಅದಕ್ಕಿಂತ ದೊಡ್ಡ ಮಾತಿರಲಿಲ್ಲ. ಆ ಕೆಲಸದಲ್ಲಿ ಸಾಲು ತುಟಿಗೆ ಕೂರುವುದೇ ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಎಂದು ಅವಳಿಗೆ ಹೇಳಿಕೊಟ್ಟವರೇ ಅಪ್ಪ. ಕೆಟ್ಟದ್ದು ಆ 'ಅಷ್ಟೇ'. ಮೇಷ್ಟ್ರ ಕಿವಿಗೆ ಬಿದ್ದದ್ದು ಅದೊಂದೇ. ಅವರ ಮುಖ ಸಪ್ಪಗಾಯಿತು, ತಟ್ಟೆ ಪಕ್ಕಕ್ಕೆ ಸರಿಸಿದರು.

ಸೋಮವಾರ ಅವಳು ಸ್ಟುಡಿಯೋಗೆ ಹೋದಾಗ ಗಾಜಿನಾಚೆ ಅವಳ ಜಾಗದಲ್ಲಿ ಬೇರೊಬ್ಬ ಹುಡುಗಿ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದಳು. ಮೇಷ್ಟ್ರು ಹಾಳೆಯಿಂದ ಕಣ್ಣೆತ್ತಲಿಲ್ಲ. "ನಿನ್ನ ದನಿ ದಪ್ಪ ಆಗಿದೆ. ಪಾತ್ರಕ್ಕೆ ಹೊಂದ್ತಿಲ್ಲ" ಅಂದರು.

ಇದು ಯಾವ ನಾಟಕದ ಯಾವ ದೃಶ್ಯವೆಂದು ಆ ಸ್ಟುಡಿಯೋದಲ್ಲಿ ಪೂರ್ತಿ ಬಲ್ಲವರು ಒಬ್ಬರೇ ಇದ್ದರು, ಅದು ಮೇಷ್ಟ್ರು. ಡ್ರ್ಯಾಗನ್ನಿನ ಬೆನ್ನೇರಿ ಬಂದ ಹೆಸರನ್ನೂ ಥಟ್ಟನೆ ಗುರುತಿಸುವ ಮನುಷ್ಯನಿಗೆ ತನ್ನ ಊಟದ ಮೇಜಿಗೇ ಬಂದು ಕೂತದ್ದು ಗುರುತು ಸಿಗಲಿಲ್ಲ. ನಗಬೇಕೋ ಅಳಬೇಕೋ ತಿಳಿಯದು. ಮಗಳು ಕೈಯಲ್ಲಿದ್ದ ಹಾಳೆಗಳನ್ನು ಮೇಜಿನ ಮೇಲಿಟ್ಟು ಹೊರಟುಹೋದಳು. ಆ ವಾರವೇ ಮನೆಯನ್ನೂ ಬಿಟ್ಟಳು.

*

"ದಿಂಬು ಬಾಗಿದೆ" ಅಂದ ವಿದೂಷಕ. ಅವನು ಯಾವಾಗ ಒಳಗೆ ಬಂದು ಹಿಂದೆ ನಿಂತನೋ, ಕೈಯಲ್ಲಿ ಇನ್ನೂ ಸುತ್ತಿಗೆ ಇತ್ತು.

"ಏನು?"

"ದಿಂಬು ಬಾಗಿದೆ ಅಂತಿದಾರೆ. ನೋಡಿ, ತುಟಿ ಕೂಡ್ತು, ಗುಂಡಗಾಯ್ತು, ಮತ್ತೆ ಕೂಡಿ, ಬಾ... ಆಸ್ಪತ್ರೆ ದಿಂಬುಗಳ ಹಣೆಬರಹ ಗೊತ್ತಲ್ಲ."

ರೆಕಾರ್ಡಿಸ್ಟ್ ಅವನನ್ನು ದುರುಗುಟ್ಟಿ ನೋಡಿದ. ಆದರೆ ಮಗಳು ಕುರ್ಚಿ ಎಳೆದುಕೊಂಡಳು. ಹುಟ್ಟಿನಿಂದ ಕಲಿತ ಕಸುಬು, ದುಃಖದಲ್ಲೂ ಸುಮ್ಮನೆ ಕೂರಲು ಬಿಡಲಿಲ್ಲ.

"ದಿಂಬು ಆದ್ರೆ ಮೊದಲು ಹಲ್ಲು ಕಾಣ್ಬೇಕು ಮಾಮ. ಇಕಾರ. ಇಲ್ಲಿ ದವಡೆ ಇಳಿದಿದೆ, ಇದು ಅಕಾರ. ಇನ್ನೊಂದ್ಸಲ ಹಾಕಿ, ನಿಧಾನಕ್ಕೆ."

ಮೂರು ತಲೆಗಳು ಫೋನಿನ ಮೇಲೆ ಬಗ್ಗಿದವು. ಅವಳು ಕನ್ನಡಿ ನೋಡಿಕೊಂಡು ಅಪ್ಪನ ಜೊತೆ ಬಾಯಾಡಿಸಿದಳು. "ಅ. ಆಮೇಲೆ ಒತ್ತಿದ ತುಟಿ, ಒತ್ತಕ್ಷರ. ಪ್ಪು. ಮತ್ತೆ ಮಾ, ಇಲ್ಲಾಂದ್ರೆ ಬಾ. ಕೊನೆ ಎರಡೂ ಅಗಲ, ಡಿ, ದೆ..." ಅಲ್ಲಿಗೆ ಅವಳ ತುಟಿ ನಿಂತಿತು. ಮೂವರಿಗೂ ಒಂದೇ ಸಲ ಗೊತ್ತಾಯಿತು.

"ತಪ್ಪು ಮಾಡಿದೆ" ಅಂದಳು ಅವಳು.

"ಯಾರು?"

ಕೇಳಿದ್ದು ಅಮ್ಮ. ಅವರು ಬಾಗಿಲು ಹಿಡಿದು ನಿಂತಿದ್ದರು. ಉತ್ತರಕ್ಕಾಗಿ ಎಲ್ಲರೂ ರೆಕಾರ್ಡಿಸ್ಟನ ಮುಖ ನೋಡಿದರು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ, ಮತ್ತೆ ಹಾಕಿಕೊಳ್ಳಲಿಲ್ಲ.

"ಮೊದಲನೇ ಮಾತು ಕಟ್ ಆಗಿದೆ. ಯಾವಾಗ್ಲೂ ನಾನು ಸನ್ನೆ ಮಾಡಿದ್ಮೇಲೇ ಅವರು ಶುರು ಮಾಡೋರು. ಅವತ್ತು ನಾನು ಕನ್ನಡಕ ಹುಡುಕ್ತಿದ್ದೆ, ಫೋನಿನ ಬಟನ್ ಕಾಣಿಸ್ತಿರ್ಲಿಲ್ಲ. ಅವರು ಕಾಯದೆ ಹೇಳ್ಬಿಟ್ರು. ಮೂವತ್ತು ವರ್ಷದಲ್ಲಿ ಒಬ್ಬರದ್ದೂ ಮೊದಲ ಅಕ್ಷರ ಕತ್ತರಿಸಿದವನಲ್ಲ ನಾನು. ಅರ್ಧ ಮಾತು ಹೆಂಗೆ ಕಳಿಸ್ಲಿ ಪುಟ್ಟಿ? ನಾಳೆ ಬಂದು ಇನ್ನೊಂದು ಟೇಕ್ ತಗೊಳ್ಳೋಣ ಅಂದ್ಕೊಂಡೆ. ಮಾರನೇ ದಿನ ಅವರಿಗೆ ಪ್ರಜ್ಞೆ ಇರ್ಲಿಲ್ಲ."

ಮಗಳು ಚಿತ್ರವನ್ನು ಶುರುವಿಗೆ ತಂದು ನಿಲ್ಲಿಸಿದಳು. ಮೊದಲ ಚೌಕಟ್ಟಿನಲ್ಲಿ ಅಪ್ಪನ ತುಟಿ ಗುಂಡಗಿತ್ತು. ಯಾವುದೋ ಮಾತಿನ ಬಾಲ. 'ನು' ಇರಬೇಕು. 'ನಾನು' ಅಂದರೂ ಕೊನೆಗೆ ನು, 'ನೀನು' ಅಂದರೂ ನು. ನಾನು ತಪ್ಪು ಮಾಡಿದೆ. ನೀನು ತಪ್ಪು ಮಾಡಿದೆ. 'ಮಾಡಿದೆ' ಎರಡಕ್ಕೂ ಒಪ್ಪುತ್ತದೆ. ನಮ್ಮ ವ್ಯಾಕರಣ ಮಾಡಿದವರು ಆ ಗಳಿಗೆಯಲ್ಲಿ ಕೈಗೆ ಸಿಕ್ಕಿದ್ದರೆ ವಿದೂಷಕ ಸುತ್ತಿಗೆ ಕೆಳಗಿಡುತ್ತಿರಲಿಲ್ಲ.

"ನಾನು ಅಂತಲೇ ಅಂದಿರೋದು. ಅದರಲ್ಲೇನಿದೆ ಅನುಮಾನ?" ಅಂದ ಅವನು, ಜೋರಾಗಿ.

ಗಾಜಿನೀಚೆ ಕೂತು ಮೇಷ್ಟ್ರು ಮೈಕಿನಲ್ಲಿ ದಿನಕ್ಕೆ ಐವತ್ತು ಸಲ ಹೇಳುತ್ತಿದ್ದ ಮಾತು ರೆಕಾರ್ಡಿಸ್ಟನಿಗೆ ಗೊತ್ತಿತ್ತು: ನೀನು ತಪ್ಪು ಮಾಡಿದೆ, ಇನ್ನೊಂದು ಸಲ. ತನ್ನದು ತಪ್ಪು ಎಂದು ಅವರ ಬಾಯಲ್ಲಿ ಒಂದು ದಿನವೂ ಕೇಳಿರಲಿಲ್ಲ. ಆದರೆ ಅವನಿಗೆ ಇನ್ನೊಂದೂ ಗೊತ್ತಿತ್ತು, ಅದನ್ನಷ್ಟೇ ಹೇಳಿದ.

"ಕೊನೇ ಕಂತು ಬರೀವಾಗ ನನ್ನ ಕರೆದು ತೋರಿಸಿದ್ರು. ಹಳೇ ನಾಟಕದಲ್ಲಿ ಆ ಕಿರಿ ಮಗಳು ಸಾಯ್ತಾಳಂತೆ. ಮುದುಕ ಹೆಣ ಹೊತ್ಕೊಂಡು ಬರ್ತಾನಂತೆ. ಧಾರಾವಾಹಿಯವರು ಹಾಗೆ ಮಾಡಿಲ್ಲ. 'ನೋಡಯ್ಯಾ, ಈ ಸಲ ಇವಳನ್ನ ಬದುಕಿಸಿದಾರೆ' ಅಂತ ಹೇಳಿ ಅತ್ತರು. ಆ ಹಾಳೆ ಒದ್ದೆ ಆಗಿ ಇನ್ನೊಂದು ಬರೀಬೇಕಾಯ್ತು."

ಅಮ್ಮ ಮಗಳ ಭುಜ ಹಿಡಿದರು. "ನಾನು ಅಂತಾನೇ ಅಂದಿರ್ತಾರೆ. ಅಲ್ವೇನೇ? ನಿನಗೆ ಕಾಣಿಸುತ್ತಲ್ಲ, ಹೇಳು. ಇಬ್ಬರೂ ಒಂದಾದ್ರಿ ಅಂತ ಗೊತ್ತಾದ್ರೆ ನನಗೆ ಅಷ್ಟು ಸಾಕು. ಇಲ್ಲಾಂದ್ರೆ ನಾಳೆಯಿಂದ ಈ ಮನೇಲಿ ಒಬ್ಬಳೇ ಹೆಂಗೆ ಕೂರಲಿ?"

ಒಂದು 'ಹೌದು' ಅಂದಿದ್ದರೆ ಮುಗಿಯುತ್ತಿತ್ತು. ಅವಳು ಫೋನು ನೋಡಿದಳು, ಅಮ್ಮನನ್ನು ನೋಡಿದಳು.

"ಗೊತ್ತಿಲ್ಲ ಅಮ್ಮ. ಕಾಣಿಸ್ತಿಲ್ಲ."

"ಅಯ್ಯೋ, ಇವತ್ತಾದ್ರೂ ಹೌದು ಅನ್ನು ತಾಯಿ! ನಿನ್ನ ಗಂಟೇನು ಹೋಗುತ್ತೆ?" ಅಂದ ವಿದೂಷಕ.

"ಇಲ್ಲದ್ದನ್ನ ಅವರ ಬಾಯಲ್ಲಿ ಹೆಂಗೆ ಇಡ್ಲಿ ಮಾಮ?"

ಅಮ್ಮ ಕೈ ತೆಗೆದರು. ಬೈಯಲಿಲ್ಲ. ಸೆರಗಿನಲ್ಲಿ ಮೂಗು ಒರೆಸಿಕೊಂಡು ಹಜಾರಕ್ಕೆ ಹೋದರು. ಬೈದಿದ್ದರೆ ಮಗಳಿಗೆ ವಾಸಿಯಿತ್ತು.

ಎಲ್ಲರೂ ಹೋದ ಮೇಲೆ ಅವಳು ಆ ಕೋಣೆಯಲ್ಲಿ ಒಬ್ಬಳೇ ಕೂತಳು. ಯಾರಿಗೂ ಹೇಳದ ಒಂದು ಸಂಗತಿ ಅವಳ ಹೊಟ್ಟೆಯಲ್ಲಿತ್ತು. ಅಪ್ಪ ಆಸ್ಪತ್ರೆ ಸೇರಿದ ಮೂರನೇ ದಿನ ಅವಳು ಅಲ್ಲಿಗೆ ಹೋಗಿದ್ದಳು. ಕೆಳಗಿನ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದಳು. ಅವರಾಗಿ ಕರೆದರೆ ಹೋಗುತ್ತೇನೆ, ಮೊದಲು ಅವರು ಕರೆಯಲಿ ಎಂದುಕೊಂಡಳು. ದನಿಯೇ ಇಲ್ಲದವರು ಹೇಗೆ ಕರೆಯುತ್ತಾರೆ ಎಂದು ಹೊಳೆಯಲಿಲ್ಲ. ಎದ್ದು ಬಸ್ಸು ಹತ್ತಿ ಹೋದಳು. ಮೆಟ್ಟಿಲು ಇದ್ದದ್ದು ಇಪ್ಪತ್ತೆರಡೇ. ಈಗ ಅಳು ಬಂತು. ತಡೆಯಲು ಆಗಲಿಲ್ಲ, ಅವಳು ತಡೆಯಲೂ ಇಲ್ಲ.

*

ಗಾಡಿ 'ಹನ್ನೆರಡು' ಅಂದದ್ದು ಹನ್ನೆರಡೂಕಾಲಿಗೆ ಬಂದು, ಎಂಜಿನ್ ಗುರುಗುಟ್ಟಿಸುತ್ತಾ ಬಾಗಿಲೆದುರು ನಿಂತಿತು. ಹಜಾರದಲ್ಲಿ ಸ್ಟುಡಿಯೋದವರೆಲ್ಲ ಸೇರಿದ್ದರು. ಮಾಲೀಕರು ಎರಡು ಮಾತಾಡಿದರು. ಮೇಷ್ಟ್ರ ಹಳೇ ವಿದ್ಯಾರ್ಥಿಯೊಬ್ಬರು ಮಾತಾಡಿದರು. ಹಿರಿ ಮಗಳ ಧ್ವನಿಯವಳು ಮಾತಾಡಲು ಎದ್ದು ಅತ್ತು ಕೂತಳು. ಆಮೇಲೆ ಎಲ್ಲರ ಕಣ್ಣೂ ಮಗಳ ಕಡೆ ಹೊರಳಿದವು. ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ.

ಅವಳೇ ಮುಂದೆ ಬಂದಳು. ರೆಕಾರ್ಡಿಸ್ಟನ ಫೋನು ಕೈಯಲ್ಲಿತ್ತು. ಪೆಟ್ಟಿಗೆಯ ಪಕ್ಕ ನೆಲದ ಮೇಲೆ ಕೂತು ಅದನ್ನು ಅಪ್ಪನ ಭುಜಕ್ಕೆ ಆನಿಸಿ ನಿಲ್ಲಿಸಿದಳು. ಹಿಂದಿದ್ದವರಿಗೆ ಅವಳು ಏನು ಮಾಡುತ್ತಿದ್ದಾಳೆಂದು ಕಾಣಲಿಲ್ಲ. ಒಂದು ಸಲ ಚಿತ್ರ ಓಡಿಸಿ ಸುಮ್ಮನೆ ನೋಡಿದಳು. ಎರಡನೇ ಸಲ ಉಸಿರಿನ ಲೆಕ್ಕ ಹಿಡಿದಳು. ಮೂರನೇ ಸಲ ಚಿತ್ರ ಶುರುವಾಗುವುದಕ್ಕೆ ಅರ್ಧ ಸೆಕೆಂಡು ಮೊದಲೇ ಬಾಯಿ ತೆರೆದಳು.

"ನಾನು ತಪ್ಪು ಮಾಡಿದೆ."

ದನಿ ದಪ್ಪಗಿತ್ತು, ಅತ್ತು ಅತ್ತು ಇನ್ನೂ ದಪ್ಪವಾಗಿತ್ತು. ಪರದೆಯ ಮೇಲೆ ಅಪ್ಪನ ಬಾಯಿ ಮುಚ್ಚುವುದೂ ಅವಳ ಮಾತು ಮುಗಿಯುವುದೂ ಒಟ್ಟಿಗೇ ಆಯಿತು. ವಿದೂಷಕ ಗೋಡೆಯ ಕಡೆ ತಿರುಗಿ ನಿಂತ.

ಅಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದರು.

"ಹಾಗೇ ಅಂದ್ರಾ? ನಾನು ಅಂದ್ರಾ?"

ಮಗಳು ತಲೆಯೆತ್ತಿ ಅವರನ್ನು ನೋಡಿದಳು.

"ನಾನು ಅಂದೆ ಅಮ್ಮ."

ಅಮ್ಮ ಅದನ್ನು ಹೇಗೆ ಕೇಳಿಸಿಕೊಂಡರೋ, ಅವರನ್ನೇ ಕೇಳಬೇಕು. ಕುರ್ಚಿಯ ತೋಳು ಹಿಡಿದು ನಿಧಾನವಾಗಿ ಕೆಳಗಿಳಿದು ಮಗಳ ಪಕ್ಕ ಕೂತರು. ಗಂಡನ ಕಿವಿಯ ಮೇಲೆ ಬಿದ್ದಿದ್ದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ, ಬಗ್ಗಿ, ಕಿವಿ ಮಂದವಾದವರನ್ನು ಕೇಳುವಂತೆ ಸ್ವಲ್ಪ ಜೋರಾಗಿಯೇ ಕೇಳಿದರು:

"ಕೇಳಿಸ್ತೇನ್ರೀ?"

ಹೊರಗೆ ಗಾಡಿಯವನು ಎಂಜಿನ್ ಆರಿಸಿದ.